ಬ್ರೆಡ್ ಆರಿಸುವ ಸಿಮ್ಯುಲೇಶನ್: ಪದೇ ಪದೇ ಕೇಳುವ ಪ್ರಶ್ನೆಗಳು

ಬೇಯೋ ತನಕ ಕಾದವರು ಆರೋ ತನಕ ಕಾಯಲಾರರೇ ಅನ್ನುವುದು ಮನೆಯ ಮಾತು. ಗಂಟೆಗೆ ಸಾವಿರ ಬ್ರೆಡ್ ಇಳಿಸುವ ಕಾರ್ಖಾನೆಯಲ್ಲಿ ಕಾಯುವುದೇ ದೊಡ್ಡ ಖರ್ಚು. ಓವನ್‌ನೊಳಗೆ ಅರ್ಧ ಗಂಟೆ ಇರುವ ಬ್ರೆಡ್ ಆರಲು ಒಂದೂವರೆ ಗಂಟೆ ತೆಗೆದುಕೊಳ್ಳುತ್ತದೆ. ಜಾಗ ಹೋಗುವುದು, ತೂಕ ಹೋಗುವುದು, ಬೂಷ್ಟು ಹತ್ತುವುದು ಎಲ್ಲವೂ ಆ ಒಂದೂವರೆ ಗಂಟೆಯಲ್ಲೇ. ಆ ಹೊತ್ತನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಲು ಹೊರಟವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಉದಾಹರಣೆಗೆ ಉದ್ದಕ್ಕೂ ಒಂದೇ ಬ್ರೆಡ್ ಹಿಡಿದಿದ್ದೇವೆ: ಟಿನ್‌ನಲ್ಲಿ ಬೇಯಿಸಿದ 400 ಗ್ರಾಂ ಸ್ಯಾಂಡ್‌ವಿಚ್ ಬ್ರೆಡ್, 10 ಸೆಂ.ಮೀ. ಅಗಲ, 10 ಸೆಂ.ಮೀ. ಎತ್ತರ, 18 ಸೆಂ.ಮೀ. ಉದ್ದ.

ಆರಿಸುವುದರಲ್ಲಿ ಲೆಕ್ಕ ಹಾಕುವಂಥದ್ದು ಏನಿದೆ? ಫ್ಯಾನ್ ಹಾಕಿದರೆ ಆಗದೇ?

ಓವನ್‌ನಿಂದ ಹೊರಬಂದಾಗ ಬ್ರೆಡ್ಡಿನ ನಡುಭಾಗ 95ರಿಂದ 98 ಡಿಗ್ರಿ ಇರುತ್ತದೆ. ಸ್ಲೈಸರ್‌ಗೆ ಹೋಗುವ ಹೊತ್ತಿಗೆ ಅದು 30–35 ಡಿಗ್ರಿಗೆ ಬರಬೇಕು. ಬಿಸಿ ಇರುವಾಗಲೇ ಕೊಯ್ದರೆ ತಿರುಳು ಬ್ಲೇಡಿಗೆ ಮೆತ್ತಿಕೊಳ್ಳುತ್ತದೆ, ಹೋಳು ಮುದುಡುತ್ತದೆ. ಬಿಸಿ ಇರುವಾಗಲೇ ಕವರಿಗೆ ಹಾಕಿದರೆ ಒಳಗೆ ಬೆವರಿ ನೀರು ನಿಲ್ಲುತ್ತದೆ, ಎರಡು ಮೂರು ದಿನಕ್ಕೆ ಬೂಷ್ಟು. ಬೂಷ್ಟಿನ ಬೀಜಕಣಗಳು ಓವನ್‌ನಲ್ಲಿ ಸಾಯುತ್ತವೆ. ಮತ್ತೆ ಹತ್ತಿಕೊಳ್ಳುವುದು ಆರುವ ಕೋಣೆಯ ಗಾಳಿಯಿಂದ. ರೋಪ್ ಎಂಬ ಬ್ರೆಡ್ ಕೊಳೆತ ತರುವ ಬ್ಯಾಸಿಲಸ್ ಬ್ಯಾಕ್ಟೀರಿಯಾದ ಬೀಜಕಣಗಳು ಮಾತ್ರ ಓವನ್‌ನಲ್ಲೂ ಬದುಕುತ್ತವೆ. 40 ಡಿಗ್ರಿ ಆಸುಪಾಸಿನ ಬಿಸಿ ಅವಕ್ಕೆ ಬಹಳ ಇಷ್ಟ. ತಿರುಳು ಎಳೆ ಎಳೆಯಾಗಿ ಅಂಟಿಕೊಂಡು ಕೊಳೆತ ಹಣ್ಣಿನ ವಾಸನೆ ಬರುವುದು ಅದರಿಂದಲೇ.

ಹಾಗಂತ ಜೋರು ಒಣಗಾಳಿ ಬಿಟ್ಟರೆ ತೂಕ ಇಳಿಯುತ್ತದೆ, ಕವರ್ ಮೇಲೆ ಬರೆದ 400 ಗ್ರಾಂ ಒಳಗೆ ಇರುವುದಿಲ್ಲ. ಆದ್ದರಿಂದ ಸಿಮ್ಯುಲೇಶನ್‌ನಿಂದ ಕೇಳಬೇಕಾದದ್ದು ಗ್ರಾಫಿನ ಮೂರು ಗೆರೆ: ನಡುವಿನ ಉಷ್ಣತೆ, ತೂಕ, ಕ್ರಸ್ಟ್‌ನ (ಹೊರಗಿನ ಗಟ್ಟಿ ಪದರದ) ತೇವ. ಒಂದೇ ಒಂದನ್ನು ನೋಡಿ ತೀರ್ಮಾನಿಸಿದರೆ ಉಳಿದೆರಡು ಕೈಕೊಡುತ್ತವೆ.

ಒಂದು ಬ್ರೆಡ್ಡಿನಿಂದ ಎಷ್ಟು ಶಾಖ ಹೊರಹೋಗಬೇಕು?

ಇದಕ್ಕೆ ಸಾಫ್ಟ್‌ವೇರ್ ಬೇಡ. ಬ್ರೆಡ್ಡಿನ ವಿಶಿಷ್ಟ ಶಾಖ ಕಿಲೋಗೆ ಡಿಗ್ರಿಗೆ ಸುಮಾರು 2.8 ಕಿಲೋಜೂಲ್. 0.4 ಕಿಲೋ, 60 ಡಿಗ್ರಿ ಇಳಿಕೆ: 67 ಕಿಲೋಜೂಲ್. ಆರುವಾಗ ಸಾಮಾನ್ಯವಾಗಿ ಶೇಕಡಾ 2ರಿಂದ 3ರಷ್ಟು ತೂಕ ಆವಿಯಾಗಿ ಹೋಗುತ್ತದೆ. 2.5 ಎಂದುಕೊಳ್ಳಿ, 10 ಗ್ರಾಂ ನೀರು. ಗ್ರಾಂಗೆ 2.4 ಕಿಲೋಜೂಲಿನಂತೆ 24 ಕಿಲೋಜೂಲ್ ಆವಿಯ ಜೊತೆಗೇ ಹೋಯಿತು. ಅಂದರೆ ಮೂರನೇ ಒಂದು ಪಾಲಿಗಿಂತ ಹೆಚ್ಚು. ಆವಿಯನ್ನು ಬಿಟ್ಟು ಬರೀ ಶಾಖದ ಮಾದರಿ ಕಟ್ಟಿದರೆ ಏಕೆ ತಪ್ಪುತ್ತದೆ ಎನ್ನುವುದಕ್ಕೆ ಇಷ್ಟು ಸಾಕು.

ಗಂಟೆಗೆ ಸಾವಿರ ಬ್ರೆಡ್ ಆದರೆ ಉಳಿದ 43 ಮೆಗಾಜೂಲ್ ಗಾಳಿಗೆ ಹೋಗಬೇಕು, ಅದು 12 ಕಿಲೋವ್ಯಾಟ್. ಗಾಳಿ 5 ಡಿಗ್ರಿಗಿಂತ ಹೆಚ್ಚು ಬಿಸಿಯಾಗಬಾರದು ಎಂದರೆ ಸೆಕೆಂಡಿಗೆ ಸುಮಾರು 2 ಘನ ಮೀಟರ್ ಗಾಳಿ ಬೇಕು. ನಿಮ್ಮ ಫ್ಯಾನ್ ಇಷ್ಟು ಕೊಡುತ್ತಿಲ್ಲವಾದರೆ ಸಿಮ್ಯುಲೇಶನ್ ಶುರು ಮಾಡುವ ಮೊದಲೇ ಉತ್ತರ ಸಿಕ್ಕಿದೆ.

ಫ್ಯಾನ್ ವೇಗ ಹೆಚ್ಚಿಸಿದರೆ ಎಷ್ಟು ಬೇಗ ಆರುತ್ತದೆ?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು. ಉತ್ತರ ಹೆಚ್ಚಿನವರಿಗೆ ರುಚಿಸುವುದಿಲ್ಲ.

ಶಾಖ ಎರಡು ಬಾಗಿಲು ದಾಟಬೇಕು. ಮೊದಲು ತಿರುಳಿನೊಳಗಿಂದ ಕ್ರಸ್ಟಿಗೆ, ಆಮೇಲೆ ಕ್ರಸ್ಟಿನಿಂದ ಗಾಳಿಗೆ. ಇವೆರಡರ ಅನುಪಾತವೇ ಬಯೋಟ್ ಸಂಖ್ಯೆ. ಮೇಲ್ಮೈಯ ಶಾಖ ವರ್ಗಾವಣೆ ಗುಣಾಂಕವನ್ನು (ಮೇಲ್ಮೈಯಿಂದ ಗಾಳಿಗೆ ಶಾಖ ಎಷ್ಟು ಸುಲಭವಾಗಿ ದಾಟುತ್ತದೆ ಎನ್ನುವ ಸಂಖ್ಯೆ) ಅರ್ಧ ದಪ್ಪದಿಂದ ಗುಣಿಸಿ, ತಿರುಳಿನ ಶಾಖವಾಹಕತೆಯಿಂದ ಭಾಗಿಸಬೇಕು. ನಿಂತ ಗಾಳಿಗೆ ಹತ್ತಿರವಾದ ಸ್ಥಿತಿಯಲ್ಲಿ ಗುಣಾಂಕ ಚದರ ಮೀಟರಿಗೆ ಡಿಗ್ರಿಗೆ 10 ವ್ಯಾಟ್, ಅರ್ಧ ದಪ್ಪ 0.05 ಮೀಟರ್, ಶಾಖವಾಹಕತೆ 0.2. ಉತ್ತರ 2.5. ಒಂದನ್ನು ದಾಟಿತು ಎಂದರೆ ಒಳಬಾಗಿಲೇ ಹೆಚ್ಚು ಬಿಗಿ ಎಂದು ಅರ್ಥ.

ಆಯತಾಕಾರದ ಗಟ್ಟಿ ವಸ್ತುವಿಗೆ ಪಠ್ಯಪುಸ್ತಕದಲ್ಲಿರುವ ಸೂತ್ರವನ್ನೇ ಹಾಕಿ, ಆವಿಯನ್ನು ಸದ್ಯಕ್ಕೆ ಬದಿಗಿಟ್ಟು, ನಡುಭಾಗ 95ರಿಂದ 35ಕ್ಕೆ ಬರಲು 25 ಡಿಗ್ರಿ ಗಾಳಿಯಲ್ಲಿ ಎಷ್ಟು ಹೊತ್ತು ಎಂದು ನೋಡೋಣ. ಗುಣಾಂಕ 10 ಇದ್ದರೆ 104 ನಿಮಿಷ. 25 ಆದರೆ 78 ನಿಮಿಷ. 50 ಆದರೆ 69 ನಿಮಿಷ. ಮೊದಲ ಏರಿಕೆಗೆ 26 ನಿಮಿಷ ಉಳಿಯಿತು, ಎರಡನೆಯದಕ್ಕೆ ಬರೀ 9. ಗಾಳಿಯ ವೇಗ ಇಮ್ಮಡಿಯಾದರೆ ಗಾಳಿಯಿಂದಾಗುವ ಗುಣಾಂಕ ಒಂದೂವರೆಯಿಂದ ಒಂದೂಮುಕ್ಕಾಲು ಪಟ್ಟು ಮಾತ್ರ ಏರುತ್ತದೆ. ಫ್ಯಾನ್ ಎಳೆಯುವ ವಿದ್ಯುತ್ತು ವೇಗದ ಘನದಂತೆ ಏರುತ್ತದೆ. ಅದೇ ಡಕ್ಟ್, ಅದೇ ಫ್ಯಾನ್ ಇಟ್ಟುಕೊಂಡು 25ರಿಂದ 50ಕ್ಕೆ ಹೋಗಲು ಕಡಿಮೆಯೆಂದರೂ 13 ಪಟ್ಟು ವಿದ್ಯುತ್ತು. ಒಂಬತ್ತು ನಿಮಿಷಕ್ಕೆ!

ಅದೇ ಮೊದಲ ಸ್ಥಿತಿಯಲ್ಲಿ ಗಾಳಿಯನ್ನು 25ರ ಬದಲು 20 ಡಿಗ್ರಿಗೆ ತಂದರೆ 104 ನಿಮಿಷ 90 ಆಗುತ್ತದೆ. ಸ್ಲೈಸರ್ 38 ಡಿಗ್ರಿಯ ಬ್ರೆಡ್ಡನ್ನು ತಾಳಿಕೊಳ್ಳುವುದಾದರೆ ಏನನ್ನೂ ಬದಲಿಸದೆ 93. ಆವಿಯನ್ನು ಸೇರಿಸಿದಾಗ ಎಲ್ಲ ಸಂಖ್ಯೆಗಳೂ ಕೆಳಗಿಳಿಯುತ್ತವೆ, ಆದರೆ ಒಂದಕ್ಕೊಂದರ ಹೋಲಿಕೆ ಹೆಚ್ಚು ಕಡಿಮೆ ಹೀಗೇ ಉಳಿಯುತ್ತದೆ.

ಹಾಗಾದರೆ ಸಿಎಫ್‌ಡಿ (ಗಾಳಿಯ ಹರಿವಿನ ಕಂಪ್ಯೂಟರ್ ಲೆಕ್ಕ) ಯಾತಕ್ಕೆ?

ಒಂದು ಬ್ರೆಡ್ಡಿಗೆ ಬೇಡ. ಒಂದು ಟ್ರಾಲಿಗೆ ಬೇಕು. ಟ್ರೇಗೆ 8ರಂತೆ 14 ಟ್ರೇ ಇದ್ದರೆ 112 ಬ್ರೆಡ್. ಹೊರ ಅಂಚಿನದು ಆರಿ ಒಣಗಿರುವಾಗ ನಡುವಿನ ಟ್ರೇಯ ಒಳಗಿನ ಬ್ರೆಡ್ ಇನ್ನೂ ಹಬೆಯಾಡುತ್ತಿರುತ್ತದೆ. ಪ್ಯಾಕಿಂಗ್ ಯಾವಾಗ ಶುರುವಾಗಬೇಕು ಎನ್ನುವುದನ್ನು ತೀರ್ಮಾನಿಸುವುದು ಆ ಕಟ್ಟಕಡೆಯ ಬ್ರೆಡ್, ಸರಾಸರಿ ಬ್ರೆಡ್ ಅಲ್ಲ. ಗಾಳಿ ಎಲ್ಲಿ ಸುಲಭದ ದಾರಿ ಹಿಡಿದು ಟ್ರಾಲಿಯ ಪಕ್ಕದಿಂದ ಜಾರಿಕೊಳ್ಳುತ್ತದೆ, ಸ್ಪೈರಲ್ ಕೂಲರ್‌ನ (ಸುರುಳಿಯಾಗಿ ಸುತ್ತುವ ಬೆಲ್ಟಿನ ಮೇಲೆ ಬ್ರೆಡ್ ಆರಿಸುವ ಯಂತ್ರದ) ಯಾವ ಸುತ್ತಿಗೆ ಗಾಳಿಯೇ ತಲುಪುವುದಿಲ್ಲ, ಎರಡು ಬ್ರೆಡ್ಡಿನ ನಡುವೆ 2 ಸೆಂ.ಮೀ. ಬಿಟ್ಟರೆ ಸಾಕೇ ಅಥವಾ 4 ಬೇಕೇ ಎನ್ನುವುದನ್ನೆಲ್ಲ ಕೈಲೆಕ್ಕ ಹೇಳುವುದಿಲ್ಲ. ಗಾಳಿಯ ಹರಿವನ್ನು ಸಣ್ಣ ಸಣ್ಣ ಕೋಶಗಳಾಗಿ ಒಡೆದು ಬಿಡಿಸುವ ಸಿಎಫ್‌ಡಿ ಹೇಳುತ್ತದೆ. ಎಷ್ಟೋ ಸಲ ಅದು ಕೊಡುವ ಪರಿಹಾರ ಒಂದು ತಗಡಿನ ತಡೆಗೋಡೆ, ಅಷ್ಟೇ.

ಮಾದರಿಯನ್ನು ಯಾವ ಕ್ರಮದಲ್ಲಿ ಕಟ್ಟಬೇಕು?

ಮೊದಲು ಒಂದೇ ಬ್ರೆಡ್, ಗಾಳಿಯೇ ಇಲ್ಲ. ಮೇಲ್ಮೈಗೆ ಒಂದು ಗುಣಾಂಕ ಕೊಟ್ಟು ಒಳಗಿನ ಶಾಖವಹನವನ್ನಷ್ಟೇ ಬಿಡಿಸಿ, ಮೇಲಿನ 104 ನಿಮಿಷ ಬರುತ್ತದೆಯೇ ನೋಡಿ. ಬರದಿದ್ದರೆ ಮುಂದೆ ಹೋಗಬೇಡಿ.

ಎರಡನೆಯದಾಗಿ ಅದಕ್ಕೆ ತೇವದ ಚಲನೆ, ಆವಿ, ವಿಕಿರಣ ಸೇರಿಸಿ, ಅಳತೆ ಮಾಡಿದ ಗೆರೆಗೆ ಹೊಂದಿಸಿ.

ಮೂರನೆಯದು ಬೇರೆಯದೇ ಕೆಲಸ: ಬ್ರೆಡ್ಡುಗಳನ್ನು ಬರೀ ಅಡ್ಡಿಗಳೆಂದು ಇಟ್ಟು, ಟ್ರಾಲಿ ಅಥವಾ ಬ್ರೆಡ್ ಆರಿಸುವ ಸುರಂಗದ ಗಾಳಿಯ ಹರಿವನ್ನು ಸ್ಥಿರ ಸ್ಥಿತಿಯಲ್ಲಿ ಬಿಡಿಸಿ, ಪ್ರತಿ ಬ್ರೆಡ್ಡಿನ ಪ್ರತಿ ಮುಖಕ್ಕೆ ಎಷ್ಟು ಗುಣಾಂಕ ಸಿಗುತ್ತದೆ ಎಂದು ತೆಗೆಯಿರಿ.

ಕೊನೆಗೆ ಆ ಗುಣಾಂಕಗಳನ್ನು ಒಯ್ದು ಎರಡನೆಯ ಮಾದರಿಗೆ ಕೊಡಿ. ಗಾಳಿ ಬದಲಾಗುವುದು ಸೆಕೆಂಡುಗಳಲ್ಲಿ, ಬ್ರೆಡ್ ಬದಲಾಗುವುದು ಗಂಟೆಯಲ್ಲಿ. ಎರಡನ್ನೂ ಒಂದೇ ಗಡಿಯಾರಕ್ಕೆ ಕಟ್ಟಿದರೆ ಲೆಕ್ಕ ವಾರಗಟ್ಟಲೆ ಓಡುತ್ತದೆ. ಫ್ಯಾನ್ ಇರುವ ಕಡೆ ಹೀಗೆ ಬೇರೆ ಬೇರೆಯಾಗಿ ಬಿಡಿಸುವ ದಾರಿ ಚೆನ್ನಾಗಿ ನಡೆಯುತ್ತದೆ. ಫ್ಯಾನ್ ಇಲ್ಲದೆ ಬಿಸಿಗಾಳಿ ತಾನೇ ಮೇಲೇಳುವ ಕೋಣೆಯಲ್ಲಿ ನಡೆಯುವುದಿಲ್ಲ, ಏಕೆಂದರೆ ಅಲ್ಲಿ ಹರಿವನ್ನು ಹುಟ್ಟಿಸುವುದೇ ಬ್ರೆಡ್ಡಿನ ಬಿಸಿ. ಅಲ್ಲಿ ಎರಡನ್ನೂ ಜೊತೆಯಾಗಿಯೇ ಬಿಡಿಸಬೇಕು. ಗಾಳಿಯ ಸಾಂದ್ರತೆ ಹೆಚ್ಚು ಬದಲಾಗದು ಎಂದುಕೊಳ್ಳುವ ಬೂಸಿನೆಸ್ಕ್ ಸರಳೀಕರಣವನ್ನೂ ಅಲ್ಲಿ ನಂಬಬೇಡಿ. 70 ಡಿಗ್ರಿ ವ್ಯತ್ಯಾಸಕ್ಕೆ ಗಾಳಿಯ ಸಾಂದ್ರತೆ ಐದನೇ ಒಂದು ಪಾಲಿನಷ್ಟು ಬದಲಾಗುತ್ತದೆ, ಆದರ್ಶ ಅನಿಲದ ನಿಯಮವನ್ನೇ ಹಾಕಿ.

ಬ್ರೆಡ್ಡಿನ ಗುಣಗಳಿಗೆ ಯಾವ ಸಂಖ್ಯೆ ಹಾಕಲಿ?

ಶುರುವಿಗೆ: ಸಾಂದ್ರತೆ ಘನ ಮೀಟರಿಗೆ 220 ಕಿಲೋ, ವಿಶಿಷ್ಟ ಶಾಖ 2.8, ತಿರುಳಿನ ಶಾಖವಾಹಕತೆ 0.2, ಕ್ರಸ್ಟಿನದು 0.06, ಕ್ರಸ್ಟ್ ದಪ್ಪ 3ರಿಂದ 5 ಮಿ.ಮೀ., ತಿರುಳಿನ ತೇವ ಶೇಕಡಾ 42–45, ಹೊರಬಂದ ಕ್ಷಣದಲ್ಲಿ ಕ್ರಸ್ಟಿನ ತೇವ ತೀರಾ ಕಡಿಮೆ. ಸಾಂದ್ರತೆಯನ್ನು ಎಲ್ಲಿಂದಲೋ ತರಬೇಡಿ, ನಿಮ್ಮ ಬ್ರೆಡ್ಡನ್ನೇ ತೂಗಿ, ರಾಗಿ ಅಥವಾ ಸಾಸಿವೆ ತುಂಬಿದ ಡಬ್ಬಿಯಲ್ಲಿ ಮುಳುಗಿಸಿ ಎಷ್ಟು ಕಾಳು ಹೊರಬಿತ್ತು ಎಂದು ಅಳೆಯಿರಿ. ಐದು ನಿಮಿಷದ ಕೆಲಸ.

ತಲೆನೋವು ಕೊಡುವುದು ಶಾಖವಾಹಕತೆ. ತಿರುಳು ಸ್ಪಂಜಿನಂತೆ ರಂಧ್ರಮಯ. ಬಿಸಿ ಇರುವಾಗ ರಂಧ್ರದ ಬಿಸಿ ಗೋಡೆಯಿಂದ ನೀರು ಆವಿಯಾಗಿ ತಣ್ಣಗಿನ ಗೋಡೆಯ ಮೇಲೆ ಮತ್ತೆ ನೀರಾಗುತ್ತದೆ, ಜೊತೆಗೆ ಶಾಖವನ್ನೂ ಹೊತ್ತೊಯ್ಯುತ್ತದೆ. ಆದ್ದರಿಂದ 90 ಡಿಗ್ರಿಯಲ್ಲಿ ತಿರುಳು 30 ಡಿಗ್ರಿಯಲ್ಲಿರುವುದಕ್ಕಿಂತ ಬಹಳ ಚೆನ್ನಾಗಿ ಶಾಖ ಸಾಗಿಸುತ್ತದೆ. ಒಂದೇ ಸ್ಥಿರ ಸಂಖ್ಯೆ ಹಾಕಿದವರ ಗೆರೆ ಶುರುವಿನಲ್ಲಿ ನಿಧಾನವಾಗಿ, ಕೊನೆಯಲ್ಲಿ ಬೇಗವಾಗಿ ಇಳಿಯುತ್ತದೆ. ಅಳತೆಯ ಗೆರೆಗೆ ಹೋಲಿಸಿದಾಗ ಈ ಆಕಾರ ಕಂಡರೆ ಮೊದಲು ಇಲ್ಲೇ ಹುಡುಕಿ. ಗುಣಗಳನ್ನು ಪ್ರಯೋಗಾಲಯದಲ್ಲೇ ಅಳೆಸಬೇಕು ಎನ್ನುವವರು ಮೊದಲು ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ (ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ವಿಚಾರಿಸಬಹುದು. ಹಿಟ್ಟು, ಬೇಕಿಂಗ್ ತಂತ್ರಜ್ಞಾನಕ್ಕೇ ಅಲ್ಲಿ ಪ್ರತ್ಯೇಕ ವಿಭಾಗವಿದೆ.

ಸಿಮ್ಯುಲೇಶನ್‌ನಲ್ಲಿ ಬ್ರೆಡ್ ಹತ್ತೇ ನಿಮಿಷಕ್ಕೆ ಒಣಗಿ ಹೋಗುತ್ತಿದೆ. ಏನು ತಪ್ಪು?

ಮೇಲ್ಮೈಯನ್ನು ಒದ್ದೆ ಬಟ್ಟೆ ಎಂದುಕೊಂಡಿದ್ದೀರಿ. ಲೆಕ್ಕ ನೋಡಿ. ಮೇಲ್ಮೈ 60 ಡಿಗ್ರಿ, ಪೂರ್ತಿ ಒದ್ದೆ ಎಂದರೆ ಅಲ್ಲಿ ಘನ ಮೀಟರಿಗೆ 130 ಗ್ರಾಂ ಆವಿ. ಕೋಣೆಯ ಗಾಳಿಯಲ್ಲಿ 16 ಗ್ರಾಂ. ಶಾಖದ ಗುಣಾಂಕ 10 ಇದ್ದರೆ ಶಾಖದ ಗುಣಾಂಕದಿಂದ ಆವಿಯದನ್ನು ಲೆಕ್ಕ ಹಾಕುವ ಲೂಯಿಸ್ ಸಂಬಂಧದಿಂದ ಬರುವ ಆವಿಯ ಗುಣಾಂಕ ಸೆಕೆಂಡಿಗೆ ಸುಮಾರು 0.0096 ಮೀಟರ್. ಬ್ರೆಡ್ಡಿನ ಮೇಲ್ಮೈ 0.092 ಚದರ ಮೀಟರ್. ಗುಣಿಸಿದರೆ ನಿಮಿಷಕ್ಕೆ 6 ಗ್ರಾಂ! ನಿಜದಲ್ಲಿ ಒಂದೂವರೆ ಗಂಟೆಗೆ ಹೋಗುವುದು 10 ಗ್ರಾಂ.

ನಡುವೆ ತಡೆಯಾಗಿ ನಿಂತಿರುವುದು ಒಣ ಕ್ರಸ್ಟ್. ನೀರು ಆವಿಯಾಗುವುದು ಕ್ರಸ್ಟಿನ ಒಳಮಗ್ಗುಲಲ್ಲಿ, ಆ ಆವಿ ಒಣ ಪದರದ ರಂಧ್ರಗಳಲ್ಲಿ ನುಸುಳಿ ಹೊರಬರಬೇಕು. ಜೊತೆಗೆ ಒಂದಷ್ಟು ತೇವವನ್ನು ಕ್ರಸ್ಟೇ ಹೀರಿಕೊಳ್ಳುತ್ತದೆ. ಗರಿಗರಿಯಾಗಿದ್ದದ್ದು ಸಂಜೆಗೆ ಮೆತ್ತಗಾಗುವುದು ಹಾಗೆ. ಸರಿಯಾದ ದಾರಿ ಕ್ರಸ್ಟನ್ನು ಬೇರೆ ಪದರವಾಗಿ ಇಟ್ಟು ಅದಕ್ಕೆ ಆವಿಯ ಪ್ರಸರಣ ಗುಣಾಂಕ ಕೊಡುವುದು. ಅಷ್ಟು ತಾಳ್ಮೆ ಇಲ್ಲದವರು ಆವಿಯ ಗುಣಾಂಕವನ್ನು ಒಂದು ಸ್ಥಿರಾಂಕದಿಂದ ಕಡಿತಗೊಳಿಸಿ, ತೂಕದ ಗೆರೆಗೆ ಹೊಂದಿಸುತ್ತಾರೆ. ಇದು ಅಡ್ಡದಾರಿ ಹೌದು. ಆದರೆ ಒಂದೇ ಓವನ್, ಒಂದೇ ಪಾಕ, ಒಂದೇ ಬೇಯುವ ಹೊತ್ತು ಇರುವ ತನಕ ಕೆಲಸ ಮಾಡುತ್ತದೆ. ಬೇಯುವ ಹೊತ್ತು ಬದಲಿಸಿದಿರೋ ಕ್ರಸ್ಟಿನ ದಪ್ಪ ಬದಲಾಗಿ ಆ ಸ್ಥಿರಾಂಕ ಕೆಲಸಕ್ಕೆ ಬಾರದು.

ವಿಕಿರಣವನ್ನು ಬಿಡಬಹುದೇ?

ನಿಂತ ಗಾಳಿಯಲ್ಲಿ ಬಿಡಲೇಬಾರದು. 100 ಡಿಗ್ರಿ ಮೇಲ್ಮೈ 25 ಡಿಗ್ರಿಯ ಗೋಡೆ ನೋಡುತ್ತಿದ್ದರೆ ವಿಕಿರಣವೊಂದೇ 7–8 ವ್ಯಾಟ್‌ನ ಗುಣಾಂಕಕ್ಕೆ ಸಮ, ಸಹಜ ಗಾಳಿಯ ಪಾಲು ಅದಕ್ಕಿಂತ ಕಡಿಮೆ. ಆದರೆ ಒತ್ತೊತ್ತಾಗಿ ಕೂತ ಬ್ರೆಡ್ಡುಗಳು ಒಂದರ ಮುಖ ಒಂದು ನೋಡಿಕೊಂಡು ಶಾಖವನ್ನು ಕೊಟ್ಟು ತೆಗೆದುಕೊಳ್ಳುತ್ತವೆ, ನಿವ್ವಳ ಏನೂ ಹೋಗುವುದಿಲ್ಲ. ಟ್ರಾಲಿಯ ನಡುವಿನ ಬ್ರೆಡ್ ತಡವಾಗಲು ಇದೂ ಒಂದು ಕಾರಣ. ಎಲ್ಲಕ್ಕೂ ಒಂದೇ ವಿಕಿರಣ ಪಾಲು ಹಾಕಿದರೆ ಈ ವ್ಯತ್ಯಾಸ ಅಳಿಸಿಹೋಗುತ್ತದೆ. ಇನ್ನೊಂದು ಮಾತು: ವಿಕಿರಣದ ಸೂತ್ರಕ್ಕೆ ಕೆಲ್ವಿನ್ ಬೇಕು. ಸೆಲ್ಸಿಯಸ್ ಹಾಕಿ ಕೂತವರು ಕಡಿಮೆಯೇನಿಲ್ಲ.

ಮೆಶ್ (ಕೋಶಗಳ ಜಾಲ), ಟರ್ಬುಲೆನ್ಸ್ (ಗಾಳಿಯ ಸುಳಿಯಾಟ), ಟೈಮ್ ಸ್ಟೆಪ್ (ಲೆಕ್ಕ ಮುಂದಿಡುವ ಕಾಲದ ಹೆಜ್ಜೆ) ಎಷ್ಟಿರಬೇಕು?

ಬ್ರೆಡ್ಡಿನೊಳಗೆ ಕ್ರಸ್ಟಿನ ಹತ್ತಿರ ಅರ್ಧ ಮಿ.ಮೀ. ಕೋಶ, ನಡುವಿಗೆ ಹೋದಂತೆ 4–5 ಮಿ.ಮೀ. ಟೈಮ್ ಸ್ಟೆಪ್ 5ರಿಂದ 10 ಸೆಕೆಂಡ್, ಮೊದಲ ಐದು ನಿಮಿಷಕ್ಕೆ 1 ಸೆಕೆಂಡ್. ಗಾಳಿಗೆ ಟರ್ಬುಲೆನ್ಸ್ ಮಾದರಿಗಳಲ್ಲಿ ಕೆ-ಒಮೇಗಾ ಎಸ್‌ಎಸ್‌ಟಿ ಒಳ್ಳೆಯ ಆರಂಭ. ಬ್ರೆಡ್ಡಿನ ಹಿಂಬದಿಯಲ್ಲಿ ಗಾಳಿ ಬಿಟ್ಟುಹೋಗಿ ಸುಳಿಯಾಗುವುದನ್ನು ಅದು ಕೆ-ಎಪ್ಸಿಲಾನ್‌ಗಿಂತ ವಾಸಿಯಾಗಿ ಹಿಡಿಯುತ್ತದೆ. ಎಸ್‌ಎಸ್‌ಟಿಯಿಂದ ಶಾಖದ ಗುಣಾಂಕ ಬೇಕಾದರೆ ಗೋಡೆಗೆ ತಾಗಿದ ಮೊದಲ ಕೋಶದ ವೈ-ಪ್ಲಸ್ (ಗೋಡೆಯಿಂದ ಅದು ಎಷ್ಟು ದೂರ ಎಂದು ಹೇಳುವ ಸಂಖ್ಯೆ) ಸುಮಾರು 1 ಇರಲಿ. ಗೋಡೆಯ ಬಳಿಯ ಹರಿವನ್ನು ಸೂತ್ರದಿಂದ ಅಂದಾಜಿಸುವ ವಾಲ್ ಫಂಕ್ಷನ್ ಬಳಸುವುದಾದರೆ 30ರ ಮೇಲೆ. ನಡುವೆ ಎಲ್ಲೋ 8, 12 ಎಂದು ಬಿಟ್ಟರೆ ಎರಡೂ ಕಡೆಗೆ ಸಲ್ಲದು.

ತಂತಿಯ ಟ್ರೇ, ಜಾಲರಿ ಬೆಲ್ಟ್ ಇವುಗಳ ಒಂದೊಂದು ತಂತಿಯನ್ನೂ ಮೆಶ್ ಮಾಡಲು ಹೋಗಬೇಡಿ. ಒತ್ತಡ ಕಡಿಮೆ ಮಾಡುವ ತೆಳು ರಂಧ್ರಪದರ ಎಂದು ಇಡಿ. ಟ್ರಾಲಿ ಎಡಬಲ ಸಮ ಇದೆ ಎಂದು ಅರ್ಧವನ್ನಷ್ಟೇ ಬಿಡಿಸುವ ಆಸೆ ಬರುತ್ತದೆ. ಆದರೆ ಫ್ಯಾನ್‌ನಿಂದ ಬರುವ ಗಾಳಿ ತಿರುಚಿಕೊಂಡೇ ಬರುತ್ತದೆ, ಆಕಾರ ಸಮ ಇದ್ದ ಮಾತ್ರಕ್ಕೆ ಹರಿವು ಸಮ ಇರುವುದಿಲ್ಲ.

ಮೆಶ್ ಸಾಕೋ ಸಾಲದೋ ಎಂದು ತಿಳಿಯಲು ಮೂರು ಮೆಶ್‌ನಲ್ಲಿ ಓಡಿಸಿ, ಅತ್ಯಂತ ತಡವಾಗಿ ಆರುವ ಬ್ರೆಡ್ಡಿನ ಸಮಯವನ್ನು ಹೋಲಿಸಿ. ಸರಾಸರಿಯನ್ನು ಹೋಲಿಸಿದರೆ ಯಾವ ಮೆಶ್ ಆದರೂ ಪಾಸಾಗುತ್ತದೆ!

ಯಾವ ಸಾಫ್ಟ್‌ವೇರ್, ಯಾವ ಕಂಪ್ಯೂಟರ್?

ಒಂದೇ ಬ್ರೆಡ್ಡಿನ ಮಾದರಿಗೆ ಪೈಥಾನ್‌ನಲ್ಲಿ ಬರೆದ ನೂರಿನ್ನೂರು ಸಾಲು ಸಾಕು. ಟ್ರಾಲಿಗೆ ಓಪನ್‌ಫೋಮ್ ಉಚಿತ, ಚಿತ್ರ ನೋಡಲು ಪ್ಯಾರಾವ್ಯೂ ಉಚಿತ. ಹಣ ಕೊಟ್ಟು ತೆಗೆದುಕೊಳ್ಳುವುದಾದರೆ ಆನ್ಸಿಸ್ ಫ್ಲುಯೆಂಟ್, ಸ್ಟಾರ್-ಸಿಸಿಎಂ ಪ್ಲಸ್ ಇವೆ. ಶಾಖ, ತೇವ, ಬಿರುಕು ಎಲ್ಲವನ್ನೂ ಒಂದೇ ಕಡೆ ಜೋಡಿಸಬೇಕಾದರೆ ಕಾಮ್ಸಾಲ್ ಅನುಕೂಲ. ಹತ್ತು ಲಕ್ಷ ಕೋಶಕ್ಕೆ ಒಂದರಿಂದ ಎರಡು ಜಿಬಿ ರ್‍ಯಾಮ್ ಎಂದು ಅಂದಾಜಿಸಿ. 16 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಒಂದು ಟ್ರಾಲಿಯ ಒರಟು ಲೆಕ್ಕ ನಡೆಯುತ್ತದೆ.

ಅಳತೆ ಹೇಗೆ ಮಾಡಬೇಕು? ಅದಿಲ್ಲದೆ ನಡೆಯುವುದಿಲ್ಲವೇ?

ಇಲ್ಲ. ಕೈಯಲ್ಲಿರುವ ಹಣದಲ್ಲಿ ಅರ್ಧವನ್ನು ಅಳತೆಗೆ ಎತ್ತಿಡಿ.

ತೆಳುವಾದ ಟಿ ಅಥವಾ ಕೆ ಮಾದರಿಯ ಥರ್ಮೋಕಪಲ್ (ಉಷ್ಣತೆ ಅಳೆಯುವ ತಂತಿ) ತೆಗೆದುಕೊಳ್ಳಿ. ದಪ್ಪ ಸೂಜಿ ಚುಚ್ಚಿದರೆ ಆ ಲೋಹವೇ ಹೊರಗಿನ ತಂಪನ್ನು ಒಳಗೆ ತರುತ್ತದೆ, ಜೊತೆಗೆ ತೂತಿನಿಂದ ಹಬೆ ಹೊರಬರುತ್ತದೆ. ಮೇಲಿನಿಂದ ಚುಚ್ಚಬೇಡಿ. ಬ್ರೆಡ್ಡಿನ ತುದಿಮುಖದಿಂದ ಉದ್ದಕ್ಕೆ 9 ಸೆಂ.ಮೀ. ಒಳಗೆ ತಳ್ಳಿ. ಹಾಗೆ ಮಾಡಿದರೆ ತಂತಿ ಹೆಚ್ಚಿನ ಪಾಲು ಹೆಚ್ಚು ಕಡಿಮೆ ಒಂದೇ ಉಷ್ಣತೆಯ ದಾರಿಯಲ್ಲಿ ಹೋಗುತ್ತದೆ. ಒಂದು ನಡುವಿಗೆ, ಒಂದು ಕ್ರಸ್ಟಿನ ಕೆಳಗೆ 1 ಸೆಂ.ಮೀ. ಆಳಕ್ಕೆ. ಪಕ್ಕದಲ್ಲೇ ಇನ್ನೊಂದು ಬ್ರೆಡ್ಡನ್ನು ತಕ್ಕಡಿಯ ಮೇಲೆ ಇಟ್ಟು ಐದೈದು ನಿಮಿಷಕ್ಕೆ ತೂಕ ಬರೆದುಕೊಳ್ಳಿ. ಪ್ರಯೋಗ ಮುಗಿದ ಮೇಲೆ ಬ್ರೆಡ್ಡನ್ನು ಕೊಯ್ದು ತಂತಿಯ ತುದಿ ನಿಜಕ್ಕೂ ಎಲ್ಲಿತ್ತು ಎಂದು ನೋಡಿ. ಒಂದು ಸೆಂಟಿಮೀಟರ್ ಆಚೀಚೆ ಹೋಗಿರುವುದು ಸಾಮಾನ್ಯ, ಮಾದರಿಯಲ್ಲೂ ಅದೇ ಜಾಗದ ಉಷ್ಣತೆ ತೆಗೆಯಬೇಕು.

ಗುಣಾಂಕವನ್ನು ನೇರವಾಗಿ ಅಳೆಯಲು ಒಂದು ಉಪಾಯವಿದೆ. ಬ್ರೆಡ್ಡಿನದೇ ಅಳತೆಯ ಅಲ್ಯೂಮಿನಿಯಂ ಡಬ್ಬಿ ಮಾಡಿಸಿ, ಗೋಡೆ 5 ಮಿ.ಮೀ. ದಪ್ಪ, ಒಳಗೆ ಥರ್ಮೋಕೋಲ್ ತುಂಬಿ. ತೂಕ ಸುಮಾರು 1.15 ಕಿಲೋ ಬರುತ್ತದೆ. ಹೊರಗೆ ಕಪ್ಪು ಬಣ್ಣ ಬಳಿಯಿರಿ, ಹೊಳೆಯುವ ಅಲ್ಯೂಮಿನಿಯಂ ವಿಕಿರಣವನ್ನೇ ಬಿಡುವುದಿಲ್ಲ. 70 ಡಿಗ್ರಿಗೆ ಕಾಯಿಸಿ ಟ್ರಾಲಿಯಲ್ಲಿ ಒಂದು ಬ್ರೆಡ್ಡಿನ ಜಾಗದಲ್ಲಿ ಇಡಿ. ಥರ್ಮೋಕೋಲ್ ತಾಳುವುದು ಅಷ್ಟೇ, ಇನ್ನೂ ಹೆಚ್ಚು ಕಾಯಿಸಬೇಡಿ. ಗಾಳಿಗೂ ಡಬ್ಬಿಗೂ ಇರುವ ಉಷ್ಣತೆಯ ಅಂತರ ಶೇಕಡಾ 37ಕ್ಕೆ ಇಳಿಯಲು 19 ನಿಮಿಷ ಹಿಡಿದರೆ ಅಲ್ಲಿ ಗುಣಾಂಕ 10. ಅರ್ಧ ಸಮಯ ಹಿಡಿದರೆ 20. ಹತ್ತು ಜಾಗದಲ್ಲಿ ಹೀಗೆ ಅಳೆದರೆ ಸಿಎಫ್‌ಡಿ ಹೇಳುವುದು ನಿಜವೋ ಸುಳ್ಳೋ ಗೊತ್ತಾಗುತ್ತದೆ.

ನಡುವಿನ ಉಷ್ಣತೆ ಎಲ್ಲ ಹೊತ್ತಲ್ಲೂ 2 ಡಿಗ್ರಿಯೊಳಗೆ, ತೂಕ ನಷ್ಟ ಶೇಕಡಾ 0.3ರೊಳಗೆ ಹೊಂದಿದರೆ ಮಾದರಿಯನ್ನು ಕೆಲಸಕ್ಕೆ ಹಚ್ಚಬಹುದು. ಇದಕ್ಕಿಂತ ಚೆನ್ನಾಗಿ ಹೊಂದಿತು ಎಂದು ಬೀಗಬೇಡಿ, ಒಂದೇ ಬ್ಯಾಚಿನ ಎರಡು ಬ್ರೆಡ್ಡಿನ ನಡುವೆಯೇ ಅಷ್ಟು ವ್ಯತ್ಯಾಸ ಇರುತ್ತದೆ.

ಊರು ಬದಲಾದರೆ ಲೆಕ್ಕ ಬದಲಾಗುತ್ತದೆಯೇ?

ಚೆನ್ನಾಗಿಯೇ ಬದಲಾಗುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡ 91 ಕಿಲೋಪ್ಯಾಸ್ಕಲ್ ಆಸುಪಾಸು, ನೀರು 97 ಡಿಗ್ರಿಗೇ ಕುದಿಯುತ್ತದೆ. ಬ್ರೆಡ್ಡಿನ ನಡುಭಾಗವೂ ಅದನ್ನು ದಾಟುವುದಿಲ್ಲ. ಗಾಳಿ ಶೇಕಡಾ 10ರಷ್ಟು ಹಗುರ. ಫ್ಯಾನ್ ಅಷ್ಟೇ ಘನ ಅಳತೆ ತಳ್ಳಿದರೂ ಹೊತ್ತೊಯ್ಯುವ ಶಾಖ ಅಷ್ಟು ಕಡಿಮೆ. ಸಾಫ್ಟ್‌ವೇರ್ ತಾನಾಗಿ ಹಾಕಿಕೊಂಡಿರುವ 101325 ಪ್ಯಾಸ್ಕಲ್ ಅನ್ನು ಬದಲಿಸಲು ಮರೆಯುವವರೇ ಜಾಸ್ತಿ.

ಕಲಬುರಗಿಯ ಬೇಸಿಗೆ ನೋಡಿ: 40 ಡಿಗ್ರಿ, ಆರ್ದ್ರತೆ ಶೇಕಡಾ 20. ಆ ಗಾಳಿಯಲ್ಲಿ ಬ್ರೆಡ್ಡನ್ನು 35ಕ್ಕೆ ಇಳಿಸಬೇಕಾದರೆ ಬ್ರೆಡ್ಡಿನ ನೀರೇ ಖರ್ಚಾಗಬೇಕು. ಆದರೆ ಅದೇ ಗಾಳಿಯ ಒದ್ದೆಬಲ್ಬ್ ಉಷ್ಣತೆ (ನೀರು ಆವಿಯಾಗಿಸಿ ಇಳಿಸಬಹುದಾದ ಕನಿಷ್ಠ ಉಷ್ಣತೆ) 23ಕ್ಕಿಂತ ಕೆಳಗಿದೆ. ಶೇಕಡಾ 80 ದಕ್ಷತೆಯ ಒದ್ದೆ ಪ್ಯಾಡ್ ಹಾಯಿಸಿದರೆ 26 ಡಿಗ್ರಿಯ, ತೇವವಿರುವ ಗಾಳಿ ಸಿಗುತ್ತದೆ. ಬ್ರೆಡ್ ಆರಿಸಲು ಇದಕ್ಕಿಂತ ಒಳ್ಳೆಯ ಗಾಳಿ ಬೇಕಿಲ್ಲ. ಮಳೆಗಾಲದ ಮಂಗಳೂರಿನಲ್ಲಿ 27 ಡಿಗ್ರಿ, ಆರ್ದ್ರತೆ 90. ಅಲ್ಲಿ ಒದ್ದೆ ಪ್ಯಾಡ್‌ನಿಂದ ಒಂದು ಡಿಗ್ರಿಯೂ ಸರಿಯಾಗಿ ಇಳಿಯುವುದಿಲ್ಲ. ತಂಪು ಕಾಯಿಲ್ ಇರುವ ಎಸಿಯೇ ಗತಿ, ಇಲ್ಲವೇ ಹೆಚ್ಚು ಹೊತ್ತು.

ಆರ್ದ್ರತೆ ಯಾವಾಗ ಮುಖ್ಯ ಎನ್ನುವುದೂ ಇಲ್ಲಿ ಕಾಣುತ್ತದೆ. 80 ಡಿಗ್ರಿ ತಿರುಳಿನ ಆವಿಯ ಒತ್ತಡ 474 ಮಿಲಿಬಾರ್. ಎದುರಿಗೆ ಮಂಗಳೂರಿನ ಗಾಳಿಯದು 32, ಕಲಬುರಗಿಯದು 15. ಮೊದಲ ಅರ್ಧ ಗಂಟೆ ಬ್ರೆಡ್ಡಿಗೆ ಇವೆರಡರ ನಡುವಿನ ವ್ಯತ್ಯಾಸವೇ ತಿಳಿಯದು. ಕೊನೆಯ ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ದುಡ್ಡು ಕೊಟ್ಟು ಆರ್ದ್ರತೆ ಹಿಡಿಯುವುದಾದರೆ ಸುರಂಗದ ಕೊನೆಯ ಭಾಗದಲ್ಲಿ ಹಿಡಿಯಿರಿ.

ಟಿನ್‌ನಲ್ಲೇ ಆರಲು ಬಿಟ್ಟರೆ?

ಬಿಡಬೇಡಿ. ಪಕ್ಕಗಳಲ್ಲಿ ಆವಿ ನೀರಾಗಿ ಕ್ರಸ್ಟ್ ಒದ್ದೆಯಾಗುತ್ತದೆ, ಮೆತ್ತಗಾದ ಪಕ್ಕಗಳು ಒಳಕ್ಕೆ ಕುಸಿಯುತ್ತವೆ.

ನಿರ್ವಾತ ತಂಪುಗಾರಿಕೆಯನ್ನೂ ಇದೇ ಮಾದರಿಯಲ್ಲಿ ನೋಡಬಹುದೇ?

ಆಗುವುದಿಲ್ಲ, ಅದು ಬೇರೆಯದೇ ಆಟ. ಅಲ್ಲಿ ಗಾಳಿಯೇ ಇಲ್ಲ, ಸಿಎಫ್‌ಡಿಗೆ ಹೆಚ್ಚು ಕೆಲಸವೂ ಇಲ್ಲ. ಕೋಣೆಯ ಒತ್ತಡ 50 ಮಿಲಿಬಾರ್‌ಗೆ ಇಳಿದರೆ ನೀರು 33 ಡಿಗ್ರಿಗೇ ಕುದಿಯುತ್ತದೆ. ತಿರುಳಿನ ಎಲ್ಲ ಕಡೆ ಒಟ್ಟಿಗೇ ಆವಿ ಏಳುತ್ತದೆ, ದಪ್ಪ ಲೆಕ್ಕಕ್ಕೇ ಬರುವುದಿಲ್ಲ. ಐದು ನಿಮಿಷದ ಸುಮಾರಿಗೆ ಕೆಲಸ ಮುಗಿಯುತ್ತದೆ. ಬೆಲೆ ತೆರುವುದು ತೂಕದಲ್ಲಿ: ಎಲ್ಲ ಶಾಖವೂ ಆವಿಯ ಮೂಲಕವೇ ಹೋಗಬೇಕಾದ್ದರಿಂದ ಪ್ರತಿ ಎಂಟೂವರೆ ಡಿಗ್ರಿಗೆ ಶೇಕಡಾ 1. 60 ಡಿಗ್ರಿಗೆ ಶೇಕಡಾ 7, ಅಂದರೆ 28 ಗ್ರಾಂ. ಇದನ್ನು ಬೇಯುವ ಹೊತ್ತು ಕಡಿಮೆ ಮಾಡಿ ಓವನ್‌ನಲ್ಲಿ ಉಳಿಸಿಕೊಳ್ಳಬೇಕು, ಇಲ್ಲವೇ ಹಿಟ್ಟಿನ ಉಂಡೆಯ ತೂಕ ಹೆಚ್ಚಿಸಬೇಕು.

ಮಾದರಿಯಲ್ಲಿ ಮುಖ್ಯವಾದದ್ದು ಒತ್ತಡ ಇಳಿಯುವ ಗೆರೆ. ಒಮ್ಮೆಗೇ ಇಳಿಸಿದರೆ ಒಳಗಿನ ಆವಿ ಹೊರಬರಲು ದಾರಿ ಸಾಲದೆ ಕ್ರಸ್ಟನ್ನು ಸೀಳುತ್ತದೆ. ಪಂಪ್ ಲೆಕ್ಕವನ್ನೂ ಮರೆಯಬೇಡಿ: ಆ ಒತ್ತಡದಲ್ಲಿ ಒಂದು ಕಿಲೋ ಆವಿ 28 ಘನ ಮೀಟರ್ ಜಾಗ ಹಿಡಿಯುತ್ತದೆ. ಪಂಪಿನ ಮುಂದೆ ಕಂಡೆನ್ಸರ್ ಇಡದಿದ್ದರೆ ಯಾವ ಪಂಪೂ ಎಳೆಯಲಾರದು.

ಬಿಸ್ಕತ್ತಿಗೆ?

ಬಿಸ್ಕತ್ತು ಬ್ರೆಡ್ಡಿಗೆ ತದ್ವಿರುದ್ಧ. 6 ಮಿ.ಮೀ. ದಪ್ಪಕ್ಕೆ ಬಯೋಟ್ ಸಂಖ್ಯೆ 0.3ರ ಸುತ್ತ. ಒಳಬಾಗಿಲು ತೆರೆದೇ ಇದೆ, ತಡೆ ಇರುವುದೆಲ್ಲ ಗಾಳಿಯಲ್ಲಿ. ಇಲ್ಲಿ ಫ್ಯಾನ್ ಹಾಕಿದರೆ ಫಲ ಕಾಣುತ್ತದೆ, ಮೂರು ನಿಮಿಷದ ಸುಮಾರಿಗೆ ಉಷ್ಣತೆಯ ಅಂತರ ಮೂರನೇ ಒಂದಕ್ಕೆ ಬರುತ್ತದೆ. ಆದರೂ ಕಾರ್ಖಾನೆಗಳು ಓವನ್‌ನ ಒಂದೂವರೆ, ಎರಡು ಪಟ್ಟು ಉದ್ದದ ಬೆಲ್ಟ್ ಹಾಕಿ ನಿಧಾನವಾಗಿ ಆರಿಸುವುದೇಕೆ? ಕಾರಣ ಬಿರುಕು. ಓವನ್‌ನಿಂದ ಬಂದ ಬಿಸ್ಕತ್ತಿನ ಅಂಚು ಒಣ, ನಡು ಸ್ವಲ್ಪ ತೇವ. ಮುಂದೆ ನಡುವಿನ ತೇವ ಅಂಚಿಗೆ ಸರಿಯುತ್ತದೆ. ಅಂಚು ಹಿಗ್ಗುತ್ತದೆ, ನಡು ಕುಗ್ಗುತ್ತದೆ. ಬಿಸಿ ಇರುವಾಗ ಮೆತ್ತಗಿರುವ ಬಿಸ್ಕತ್ತು ಈ ಎಳೆದಾಟವನ್ನು ತಾಳಿಕೊಳ್ಳುತ್ತದೆ. ಬೇಗ ತಣಿದು ಗಟ್ಟಿಯಾದದ್ದು ತಾಳುವುದಿಲ್ಲ. ಕೂದಲೆಳೆಯ ಬಿರುಕು ಗಂಟೆಗಳ ನಂತರ, ಪ್ಯಾಕೆಟ್ಟಿನೊಳಗೇ ಬರುತ್ತದೆ. ಆದ್ದರಿಂದ ಬಿಸ್ಕತ್ತಿನ ಸಿಮ್ಯುಲೇಶನ್ ಉಷ್ಣತೆ 35ಕ್ಕೆ ಬಂದ ಕೂಡಲೇ ನಿಲ್ಲಬಾರದು. ತೇವದ ಹಂಚಿಕೆಯನ್ನೂ ಅದರಿಂದ ಹುಟ್ಟುವ ಎಳೆದಾಟವನ್ನೂ ಮುಂದಿನ ಒಂದು ದಿನದವರೆಗೆ ಓಡಿಸಬೇಕು.

ಲೆಕ್ಕ ಸರಿಯಾಗಿ ಓಡಿತು, ಆದರೂ ನಂಬಿಕೆ ಬರುತ್ತಿಲ್ಲ. ಏನು ಪರಿಶೀಲಿಸಲಿ?

ಮೊದಲು ಶಾಖದ ಜಮಾ-ಖರ್ಚು. ಬ್ರೆಡ್ ಕಳೆದುಕೊಂಡದ್ದಕ್ಕೂ ಗಾಳಿ ಮತ್ತು ಆವಿ ಒಯ್ದದ್ದಕ್ಕೂ ಶೇಕಡಾ 1–2ಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ರೆಸಿಡ್ಯುಯಲ್ (ಸಮೀಕರಣದಲ್ಲಿ ಉಳಿದ ತಪ್ಪು) ಎಷ್ಟೇ ಕೆಳಗಿದ್ದರೂ ಫಲಿತಾಂಶವನ್ನು ಬಿಸಾಕಿ. ಆಮೇಲೆ ಹೊರದಾರಿಯಲ್ಲಿ ಗಾಳಿ ಹಿಮ್ಮುಖವಾಗಿ ಒಳಗೆ ಬರುತ್ತಿದೆಯೇ ನೋಡಿ. ಬರುತ್ತಿದ್ದರೆ ಹೊರದಾರಿಯನ್ನು ಇನ್ನಷ್ಟು ದೂರಕ್ಕೆ ಸರಿಸಿ. ಒಳದಾರಿಯಲ್ಲಿ ಎಲ್ಲ ಕಡೆ ಒಂದೇ ವೇಗ ಹಾಕಿದ್ದೀರಾ? ನಿಜವಾದ ಡಕ್ಟಿನ ಬಾಯಲ್ಲಿ ಹಾಗಿರುವುದಿಲ್ಲ, ಗಾಳಿಯ ವೇಗ ಅಳೆಯುವ ಅನಿಮೋಮೀಟರ್ ಹಿಡಿದು ಒಂಬತ್ತು ಕಡೆ ಅಳೆದು ಅದನ್ನೇ ಹಾಕಿ. ಸ್ಥಿರ ಸ್ಥಿತಿಯ ಲೆಕ್ಕ ಒಂದೇ ಕಡೆ ನಿಲ್ಲದೆ ತೂಗಾಡುತ್ತಿದ್ದರೆ ಹರಿವೇ ಅಸ್ಥಿರ ಇರಬಹುದು, ಕೆಲವು ನೂರು ಸುತ್ತುಗಳ ಸರಾಸರಿ ತೆಗೆದುಕೊಳ್ಳಿ.

ಫಲಿತಾಂಶವನ್ನು ಬೇಕರಿಯವರಿಗೆ ಹೇಗೆ ತೋರಿಸಬೇಕು?

ಕೆಂಪು ನೀಲಿ ಬಣ್ಣದ ಚಿತ್ರ ತೋರಿಸಿದರೆ ಚೆನ್ನಾಗಿದೆ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಬದಲಿಗೆ ಟ್ರಾಲಿಯ ನಕ್ಷೆ ಬರೆದು ಒಂದೊಂದು ಬ್ರೆಡ್ಡಿನ ಮನೆಯಲ್ಲಿ ಎರಡು ಸಂಖ್ಯೆ ಬರೆಯಿರಿ: 35 ಡಿಗ್ರಿಗೆ ಬರಲು ಎಷ್ಟು ನಿಮಿಷ, ಆ ಹೊತ್ತಿಗೆ ಎಷ್ಟು ಗ್ರಾಂ ಉಳಿದಿರುತ್ತದೆ. ಅತ್ಯಂತ ತಡದ ಐದು ಮನೆಗೆ ಸುತ್ತು ಹಾಕಿ. ಮರುದಿನ ಆ ಐದು ಜಾಗದ ಬ್ರೆಡ್ಡಿಗೆ ಥರ್ಮೋಮೀಟರ್ ಚುಚ್ಚಿ ನೋಡುವ ಕೆಲಸವನ್ನು ಅವರಿಗೇ ಬಿಡಿ.